ಗಣಪನ ದಂತದ ಜಾಡಿನಲ್ಲಿ

ನಾಟಿ ಡಾಗ್ ಕಂಪನಿಯ ‘ಅನ್‌ಚಾರ್ಟೆಡ್ 4’ ಬಂದದ್ದು 2016ರಲ್ಲಿ. ಅದಕ್ಕೆ ಬಾಲಂಗೋಚಿಯಾಗಿ ಒಂದು ಸಣ್ಣ ಕಂತು ಎಂದು ಶುರುವಾದದ್ದು ಬೆಳೆದು ಬೆಳೆದು, 2017ರ ಆಗಸ್ಟ್‌ನಲ್ಲಿ ‘ದಿ ಲಾಸ್ಟ್ ಲೆಗಸಿ’ ಎಂಬ ಬೇರೆಯ ಆಟವಾಗಿಯೇ ಹೊರಬಂತು. ಮೊದಲನೆಯದರಲ್ಲಿ ಕಡಲ್ಗಳ್ಳರ ನಿಧಿ, ಮಡಗಾಸ್ಕರ್. ಎರಡನೆಯದರಲ್ಲಿ ಗಣಪನ ದಂತದ ಹುಡುಕಾಟ, ಪಶ್ಚಿಮ ಘಟ್ಟ, ಹೊಯ್ಸಳರು, ಹಳೇಬೀಡು, ಬೇಲೂರು. ಗುಂಡ್ಲುಪೇಟೆಯಲ್ಲಿ ಕೂತು ಎರಡನ್ನೂ ಮುಗಿಸಿದ್ದೇನೆ, ಮನೆಗೆ ಬರುವ ಹುಡುಗರ ಕೈಯಲ್ಲೂ ಆಡಿಸಿದ್ದೇನೆ. ಹೊಸಬರಿಗೆ ಹೇಳಬೇಕು ಅನ್ನಿಸಿದ್ದು ಇಷ್ಟು.

1. ಹೊಯ್ಸಳರ ಆಸೆಗೆ ನೇರವಾಗಿ ಎರಡನೆಯದಕ್ಕೆ ಹಾರಬೇಡಿ. ಅದರ ನಾಯಕಿ ಕ್ಲೋಯಿ ಜೊತೆಗಿರುವ ನದೀನ್, ಮೊದಲ ಆಟದಲ್ಲಿ ಎದುರಾಳಿ ಪಡೆಯ ಒಡತಿ. ಅವಳ ಮೇಲೆ ಸಿಟ್ಟು ಬಂದಿದ್ದರೆ ಮಾತ್ರ ಇಬ್ಬರ ನಡುವಿನ ನಂಬಿಕೆ ಹದಕ್ಕೆ ಬರುವುದು ನಿಮಗೆ ತಟ್ಟುತ್ತದೆ.

2. ಪಿಸಿಯಲ್ಲಿ 2022ರಿಂದ ಎರಡೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ, 100 ಜಿಬಿಗೂ ಹೆಚ್ಚು ಜಾಗ ಬೇಡುತ್ತವೆ. ರಾತ್ರಿ ಡೌನ್‌ಲೋಡ್‌ಗೆ ಬಿಟ್ಟು ಮಲಗಿ. ಯುಪಿಎಸ್ ಇಲ್ಲದೆ ಕೂರಬೇಡಿ. ಆಟ ತಾನಾಗಿಯೇ ಸೇವ್ ಆಗುತ್ತದೆ ನಿಜ, ಆದರೆ ದೊಡ್ಡ ಕಾಳಗದ ನಡುವೆ ಕರೆಂಟ್ ಹೋದರೆ ಹಿಂದಿನ ಚೆಕ್‌ಪಾಯಿಂಟ್‌ನಿಂದಲೇ ಮತ್ತೆ ಶುರು.

3. ಗುಂಡು ಹಾರಿಸುವ ಮೊದಲು ಎಣಿಸಿ. ಎತ್ತರದ ಹುಲ್ಲಿನಲ್ಲಿ ಕುಳಿತು, ಗುರಿ ಹಿಡಿದು, ಕಾವಲಿನವರನ್ನೆಲ್ಲ ಒಬ್ಬೊಬ್ಬರಾಗಿ ಗುರುತು ಹಾಕಿಕೊಳ್ಳಿ. ಗುಂಪಿನಿಂದ ದೂರ ಇರುವವನಿಂದ ಶುರು ಮಾಡಿ. ಬೀಗ ಹಾಕಿದ ಪೆಟ್ಟಿಗೆಗಳನ್ನು ಕ್ಲೋಯಿ ತೆರೆಯುತ್ತಾಳೆ, ಸದ್ದಡಗಿಸಿದ ಪಿಸ್ತೂಲಿನಂಥ ಒಳ್ಳೆಯ ಸಾಮಾನು ಅಲ್ಲೇ ಸಿಗುವುದು. ಆದರೆ ಬೀಗ ಬಿಚ್ಚುವಷ್ಟು ಹೊತ್ತು ಅವಳ ಬೆನ್ನು ಬಯಲಿಗಿರುತ್ತದೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೈ ಹಾಕಿ.

4. ‘ದಿ ವೆಸ್ಟರ್ನ್ ಘಾಟ್ಸ್’ ಎಂಬ ನಾಲ್ಕನೆಯ ಅಧ್ಯಾಯವನ್ನು ಓಡಿಸಬೇಡಿ. ಇಡೀ ಆಟದ ಜೀವ ಅಲ್ಲಿದೆ. ಗೋಪುರ ಹತ್ತಿ ನಕ್ಷೆಯಲ್ಲಿ ಗುರುತು ಹಾಕಿಕೊಂಡು, ಕೆಸರಿನಲ್ಲಿ ಜೀಪು ಓಡಿಸಿಕೊಂಡು, ಯಾವ ಕೋಟೆಗೆ ಮೊದಲು ಹೋಗಬೇಕು ಎನ್ನುವುದನ್ನು ನೀವೇ ತೀರ್ಮಾನಿಸಬಹುದು. ಒಂದು ಕಡೆ ನೀವು ಕಲ್ಲಿನಿಂದ ಕಲ್ಲಿಗೆ ಹಾರಿದಂತೆಲ್ಲ ವಿಗ್ರಹಗಳು ತಿರುಗಿ ಆಯುಧ ಬೀಸುತ್ತವೆ. ಅಲ್ಲಿ ಅವಸರ ಬೇಡ, ನೀವು ನಿಂತರೆ ಅವೂ ನಿಲ್ಲುತ್ತವೆ. ಕಣಿವೆಯಲ್ಲಿ ಚದುರಿಹೋದ 11 ಹೊಯ್ಸಳ ಬಿಲ್ಲೆಗಳನ್ನು ಕೂಡಿಸಿದರೆ ರಾಣಿಯ ಮಾಣಿಕ್ಯ ಎಂಬ ಕಡಗ ಕೈಸೇರುತ್ತದೆ. ಅದನ್ನು ತೊಟ್ಟ ಮೇಲೆ, ಬಚ್ಚಿಟ್ಟ ನಿಧಿ ಹತ್ತಿರವಾದಾಗಲೆಲ್ಲ ಸದ್ದು ಕೇಳಿಸುತ್ತದೆ. ಇದು ಕಡ್ಡಾಯವಲ್ಲ, ಎಷ್ಟೋ ಜನ ಬಿಟ್ಟು ಮುಂದೆ ಹೋಗುತ್ತಾರೆ. ನೀವು ಬಿಡಬೇಡಿ.

5. ಆಟದ ಕಲ್ಲನ್ನು ಊರಿನ ಕಲ್ಲಿನ ಪಕ್ಕದಲ್ಲಿಟ್ಟು ನೋಡಿ. ತೆರೆಯ ಮೇಲೆ ಬೆಟ್ಟದೆತ್ತರದ ವಿಗ್ರಹಗಳು, ಜಲಪಾತದ ಹಿಂದೆ ಹೂತುಹೋದ ನಗರ. ನಿಜವಾದ ಹಳೇಬೀಡು ದೊಡ್ಡ ಕೆರೆಯ ಪಕ್ಕದ ಬಯಲುಸೀಮೆ. ಬೇಲೂರು ಕಳೆದುಹೋಗಲೇ ಇಲ್ಲ, ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತಿದೆ. ಹೊಯ್ಸಳ ಶಿಲ್ಪಿಯ ಹೆಚ್ಚುಗಾರಿಕೆ ಎತ್ತರದಲ್ಲಿಲ್ಲ, ಸಣ್ಣದರಲ್ಲಿದೆ. ಮೃದುವಾದ ಬಳಪದ ಕಲ್ಲಿನಲ್ಲಿ ಬೆರಳಿನ ಉಗುರು, ಸರದ ಮಣಿ, ಮಣಿಯ ಹಿಂದಿನ ನೆರಳು ಎಲ್ಲವೂ ಬಂದಿವೆ. ಹೊಯ್ಸಳೇಶ್ವರದ ಗೋಡೆಯ ಬುಡದ ಪಟ್ಟಿಯಲ್ಲಿ ಆನೆಗಳ ಸಾಲಿದೆ. ಕೂತು ನೋಡಿದರೆ ಸೊಂಡಿಲಿನಿಂದ ಸೊಂಡಿಲಿಗೆ ವ್ಯತ್ಯಾಸ ಕಾಣುತ್ತದೆ. ಆಟ ಕಟ್ಟಿದವರು ಗಣಪ ಪರಶುರಾಮರ ಕಥೆಯನ್ನು ಗೌರವದಿಂದಲೇ ಬಳಸಿದ್ದಾರೆ. ಅಷ್ಟು ಓದಿದವರು ಈ ಸೂಕ್ಷ್ಮವನ್ನು ಕೈಬಿಟ್ಟದ್ದು ನನಗೆ ಇವತ್ತಿಗೂ ನೋವು.

ಹೊಯ್ಸಳರ ಕಲ್ಲನ್ನು ಕಣ್ಣಾರೆ ನೋಡಲು ಹಳೇಬೀಡು ದೂರವಾದರೆ ಚಾಮರಾಜನಗರದಲ್ಲೇ ಶುರು ಮಾಡಿ. ಅಲ್ಲಿನ ಪಾರ್ಶ್ವನಾಥ ಬಸದಿ ವಿಷ್ಣುವರ್ಧನನ ದಂಡನಾಯಕ ಪುಣಿಸ ಕಟ್ಟಿಸಿದ್ದು, ಇಸವಿ 1117. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯೂ ಅದೇ ವರ್ಷ. ಆಗ ನಮ್ಮ ಜಿಲ್ಲಾ ಕೇಂದ್ರವಾದ ಚಾಮರಾಜನಗರದ ಹೆಸರು ಅರಿಕುಠಾರ. ಅಲ್ಲಿಂದ ಸೋಮನಾಥಪುರ ಹೆಚ್ಚು ದೂರವೇನಲ್ಲ. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ಅದೂ ಯುನೆಸ್ಕೋ ಪಟ್ಟಿ ಸೇರಿತು.

6. ಆಟದಲ್ಲಿ ಕಲ್ಲಿನಡಿ ಸಿಕ್ಕಿಬಿದ್ದ ಆನೆಯನ್ನು ಕ್ಲೋಯಿ, ನದೀನ್ ಇಬ್ಬರೂ ಬಿಡಿಸಿ, ಅದರ ಮೇಲೇರಿ ಹೋಗುತ್ತಾರೆ. ಕಾಡಂಚಿನ ಊರಿನ ನನ್ನ ಅಕ್ಕನ ಮಗ ಇದನ್ನು ನೋಡಿ, “ಆನೆ ತಾವ್ಕೆ ಹಿಂಗೆಲ್ಲಾ ಹೋದರಾ, ಮಾವ?” ಎಂದು ಕೇಳಿದ. ಅವನ ಮನೆ ಜಮೀನಿನ ಆಚೆಗೇ ಆನೆ ಕಂದಕ, ಸೋಲಾರ್ ಬೇಲಿ. ಬೆಳೆ ಕಾಯಲು ಅವರಪ್ಪ ರಾತ್ರಿಯೆಲ್ಲ ಅಟ್ಟಣೆಯ ಮೇಲಿರುತ್ತಾರೆ. ಆ ದೃಶ್ಯ ಚೆಂದವಾಗಿದೆ, ನನಗೂ ಪ್ರೀತಿ. ಆದರೆ ಈ ಭಾಗದ ಮಕ್ಕಳ ಜೊತೆ ಆಡುವಾಗ ಅಲ್ಲಿ ಆಟ ನಿಲ್ಲಿಸಿ ಮಾತಾಡಿ.

ಅದಕ್ಕಿಂತ ದೊಡ್ಡ ಕೊರತೆ ಜನರದ್ದು. ಆಟದ ಘಟ್ಟದಲ್ಲಿ ಬಂದೂಕು ಹಿಡಿದವರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಹಾಡಿ ಇಲ್ಲ, ದನ ಇಲ್ಲ, ಜೇನು ಇಳಿಸುವವರಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹುಲಿ ಕಾಡಿನೊಳಗೇ ಬದುಕಿದವರು, 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದವರು. ಜನರಿಲ್ಲದ ಪಶ್ಚಿಮ ಘಟ್ಟವನ್ನು ಹೊರಗಿನವರು ಊಹಿಸಿಕೊಳ್ಳಬಹುದು, ನಮಗೆ ಆಗುವುದಿಲ್ಲ.

7. ಕೊನೆಯ ಅಧ್ಯಾಯ ರೈಲಿನ ಮೇಲೆ ನಡೆಯುತ್ತದೆ, ಉಸಿರಾಡಲು ಬಿಡುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಹಿಂದಿನ ರಾತ್ರಿ ಅದಕ್ಕೆ ಕೈ ಹಾಕಬೇಡಿ, ಭಾನುವಾರಕ್ಕೆ ಇಟ್ಟುಕೊಳ್ಳಿ. ಮುಗಿದ ಮೇಲೆ ಬೇಕಾದ ಅಧ್ಯಾಯವನ್ನು ಆರಿಸಿ ಮತ್ತೆ ಆಡಬಹುದು, ಬಿಟ್ಟುಹೋದ ಬಿಲ್ಲೆಗಳನ್ನು ಆಗಲೂ ಹುಡುಕಬಹುದು.