ಒಂದೇ ಸೈನ್, ಎರಡು ಚಿತ್ರ: ಪೋಲಾರ್ ಗ್ರಾಫ್ ಬಿಡಿಸುವ ಸುಲಭ ದಾರಿ

ಮುಂದೆ ಬಿಐಇಟಿಗೋ ಯುಬಿಡಿಟಿಗೋ ಸೇರಬೇಕೆಂದಿರುವ ದಾವಣಗೆರೆಯ ಪಿಯು ವಿದ್ಯಾರ್ಥಿಗಳೇ, ವಿಟಿಯು ಮೊದಲ ಸೆಮಿಸ್ಟರ್ ಗಣಿತದಲ್ಲಿ ಪೋಲಾರ್ ಕರ್ವ್ ನಿಮಗಾಗಿ ಕಾದಿದೆ. ಅನೇಕರು ಸೂತ್ರ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಚಿತ್ರ ಮಾತ್ರ ಬಿಡಿಸುವುದಿಲ್ಲ. ಅಸಲಿಗೆ ಚಿತ್ರವೇ ಸುಲಭ. ನಿಮಗೆ ಗೊತ್ತಿರುವ ಎಕ್ಸ್-ವೈ ಗ್ರಾಫನ್ನು ಮೊದಲು ಬಿಡಿಸಿ, ಅದನ್ನು ನೋಡಿಕೊಂಡೇ ಪೋಲಾರ್ ಬಿಡಿಸಬಹುದು.

ಮೊದಲು ಕೋಷ್ಟಕ. 0, 30, 60, 90, 120, 150, 180 ಡಿಗ್ರಿಗೆ ಸೈನ್ ಬೆಲೆ ಬರೆಯಿರಿ: 0, 0.5, 0.87, 1, ಮತ್ತೆ 0.87, 0.5, 0. ಅಲ್ಲಿಂದ 360ರವರೆಗೆ ಇವೇ ಬೆಲೆಗಳು, ಋಣ ಚಿಹ್ನೆಯೊಂದಿಗೆ. ಗ್ರಾಫ್ ಹಾಳೆಯಲ್ಲಿ ಕೋನವನ್ನು ಅಡ್ಡಕ್ಕೆ, ಬೆಲೆಯನ್ನು ಉದ್ದಕ್ಕೆ ಗುರುತಿಸಿದರೆ ಅಲೆ ಸಿದ್ಧ.

ಈಗ ಇನ್ನೊಂದು ಹಾಳೆ. ಪೋಲಾರ್ ಗ್ರಾಫ್ ಹಾಳೆ ಸಿಗದಿದ್ದರೆ ಕೋನಮಾಪಕ, ಅಳತೆಪಟ್ಟಿ ಸಾಕು. ನಡುವೆ ಒಂದು ಚುಕ್ಕೆ, ಅಲ್ಲಿಂದ ಬಲಕ್ಕೆ ಒಂದು ಗೆರೆ. ಅದೇ ಸೊನ್ನೆ ಡಿಗ್ರಿ. ಇಲ್ಲಿ ಕೋನ ದಿಕ್ಕನ್ನು ಹೇಳುತ್ತದೆ, ಸೈನ್ ಬೆಲೆ ನಡುವಿನ ಚುಕ್ಕೆಯಿಂದ ದೂರವನ್ನು. 1ಕ್ಕೆ 10 ಸೆಂ.ಮೀ. ಎಂದಿಟ್ಟುಕೊಳ್ಳಿ. 30 ಡಿಗ್ರಿ ದಿಕ್ಕಿನಲ್ಲಿ 5 ಸೆಂ.ಮೀ., 60ರಲ್ಲಿ 8.7, ನೇರ ಮೇಲಕ್ಕೆ 10. 180 ಮುಟ್ಟುವಷ್ಟರಲ್ಲಿ 10 ಸೆಂ.ಮೀ. ವ್ಯಾಸದ ಪೂರ್ಣ ವೃತ್ತ ಮೂಡಿರುತ್ತದೆ.

ಎಡವುವುದು ಇದಾದ ಮೇಲೆ. 210 ಡಿಗ್ರಿಗೆ ಬೆಲೆ ಮೈನಸ್ 0.5. ದೂರ ಋಣವಾಗುವುದು ಹೇಗೆ? ಆ ಕೋನಕ್ಕೆ ಮುಖ ಮಾಡಿ ನಿಂತು ಹಿಂದಕ್ಕೆ ಹೆಜ್ಜೆ ಇಡುವುದು, ಅಷ್ಟೇ. 210ರ ಬೆನ್ನಿಗೆ ಇರುವುದು 30 ಡಿಗ್ರಿ. ಚುಕ್ಕೆ ಹಳೆಯ ಜಾಗದಲ್ಲೇ ಬೀಳುತ್ತದೆ. ಹಾಗಾಗಿ ಅಲೆಯ ಕೆಳಗಿನ ಅರ್ಧವೆಲ್ಲ ಅದೇ ವೃತ್ತವನ್ನು ಇನ್ನೊಮ್ಮೆ ಸುತ್ತುತ್ತದೆ.

ಇದು ತಿಳಿದರೆ ಹೂವಿನಂಥ ಪೋಲಾರ್ ಚಿತ್ರಗಳ ದಳಗಳ ಒಗಟೂ ಬಿಡಿಸಿಕೊಳ್ಳುತ್ತದೆ. ಸೈನ್ 2 ಥೀಟಾಕ್ಕೆ ನಾಲ್ಕು ದಳ, ಸೈನ್ 3 ಥೀಟಾಕ್ಕೆ ಮೂರೇ ಏಕೆ? ಎರಡರ ಅಲೆಯನ್ನೂ 360ರವರೆಗೆ ಬಿಡಿಸಿ ನೋಡಿ. ಮೊದಲನೆಯದರಲ್ಲಿ ಮೇಲೆ ಎರಡು ಉಬ್ಬು, ಕೆಳಗೆ ಎರಡು. ಕೆಳಗಿನವು ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಹೊಸ ದಳಗಳಾಗುತ್ತವೆ. ಎರಡನೆಯದರಲ್ಲಿ ಮೇಲೆ ಮೂರು, ಕೆಳಗೆ ಮೂರು. ಆದರೆ ಕೆಳಗಿನವು ಮೇಲಿನವುಗಳ ಮೇಲೆಯೇ ಕೂರುತ್ತವೆ. ಪುಸ್ತಕದ ‘ಸಮಕ್ಕೆ ಎರಡರಷ್ಟು ದಳ, ಬೆಸಕ್ಕೆ ಅಷ್ಟೇ ದಳ’ ನಿಯಮವನ್ನು ಉರು ಹೊಡೆಯುವುದಕ್ಕಿಂತ ಇದು ಮೇಲು. ಹೃದಯಾಕಾರದ ಕಾರ್ಡಿಯಾಯ್ಡ್ ಕೂಡ ಕೊಸೈನ್ ಅಲೆಯನ್ನು 1ರಷ್ಟು ಮೇಲೆತ್ತಿ ಹೀಗೆಯೇ ಬಿಡಿಸಿದ್ದು.

ಯಾವುದನ್ನು ಎಲ್ಲಿ ಬಳಸಬೇಕು? ಕಾಲದೊಂದಿಗೆ ಬದಲಾಗುವುದಕ್ಕೆ ಎಕ್ಸ್-ವೈ ಸರಿ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಪುನರಾವರ್ತನೆಯಾಗುವುದನ್ನು ಅಲೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಕೇಂದ್ರದ ಸುತ್ತ ಇರುವುದಕ್ಕೆ ಪೋಲಾರ್.  ಉದಾಹರಣೆಗೆ ಒಂದು ವರ್ಕ್‌ಶಾಪ್ ಲೆಕ್ಕ ಇದೆ. 120 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ತೂತು ಬೇಕಾದ ದುಂಡು ತಟ್ಟೆ, ಅಂದರೆ ಫ್ಲ್ಯಾಂಜ್‌ಗೆ ‘60 ಮಿ.ಮೀ., 60 ಡಿಗ್ರಿಗೊಂದು’ ಎಂದರೆ ಮುಗಿಯಿತು. ಅದನ್ನೇ ಎಕ್ಸ್-ವೈನಲ್ಲಿ ಹೇಳಹೊರಟರೆ ಎರಡನೇ ತೂತಿಗೇ 30, 51.96 ಎಂಬ ಅಂಕಿ ಬರುತ್ತದೆ. ದೂರವನ್ನು ಕೊಸೈನ್‌ನಿಂದ ಗುಣಿಸಿದರೆ ಎಕ್ಸ್, ಸೈನ್‌ನಿಂದ ಗುಣಿಸಿದರೆ ವೈ.

ಕೈಯಲ್ಲಿ ಬಿಡಿಸಿದ ಮೇಲೆ ಡೆಸ್ಮೋಸ್‌ನಲ್ಲಿ ತಾಳೆ ನೋಡಿ, ಉಚಿತವಾಗಿ ಸಿಗುತ್ತದೆ. ಕ್ಯಾಲ್ಕುಲೇಟರ್ ಬಳಸುವವರು ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಎಂದು ಮೊದಲೇ ನೋಡಿಕೊಳ್ಳಿ; 30ರ ಸೈನ್ 0.5 ಬರದಿದ್ದರೆ ಮೋಡ್ ಬದಲಿಸಿ.