ನೀರಿನ ದಾರಿ ಹಿಡಿದು ಸೈಕಲ್ಲು

"ಬೆಂಗಳೂರಲ್ಲಿ ಸೈಕಲ್ ಹೊಡೆಯೋಕಾಗಲ್ಲ ಮಾರಾಯ, ಬರೀ ಏರು!" ಅನ್ನೋ ಮಾತು ನಮ್ಮ ಹಾಸ್ಟೆಲ್‌ನಲ್ಲಿ ದಿನಾ ಕೇಳಿಬರುತ್ತೆ. ಟ್ರಾಫಿಕ್ಕಿನ ಮಾತು ಸದ್ಯಕ್ಕೆ ಬದಿಗಿರಲಿ. ಏರಿನ ವಿಷಯವನ್ನು ಮಾತ್ರ ಈ ಸಲ ಲೆಕ್ಕ ಹಾಕಿ ನೋಡೋಣ. ಮೊದಲ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ಸಾಕು.

ಸೈಕಲ್ಲು, ಸವಾರ ಎರಡೂ ಸೇರಿ 80 ಕೆ.ಜಿ., ವೇಗ ಗಂಟೆಗೆ 15 ಕಿ.ಮೀ. ಅಂತ ಇಟ್ಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಟೈರು ಉರುಳೋದಕ್ಕೆ ಸುಮಾರು 20 ವ್ಯಾಟ್, ಗಾಳಿಯನ್ನು ಸೀಳೋದಕ್ಕೆ ಸುಮಾರು 25 ವ್ಯಾಟ್ ಬೇಕು. ಒಟ್ಟು 45. ಈಗ ರಸ್ತೆ 100 ಮೀಟರಿಗೆ 1 ಮೀಟರ್ ಏರಿದರೆ? ಗುರುತ್ವದ ವಿರುದ್ಧ ಇನ್ನೊಂದು 33 ವ್ಯಾಟ್ ಸೇರಿ 78 ಆಗುತ್ತೆ. 100ಕ್ಕೆ 5 ಮೀಟರ್ ಏರಿದರೆ ಮಾತ್ರ ಲೆಕ್ಕ 200 ದಾಟುತ್ತೆ. ಅಭ್ಯಾಸ ಇಲ್ಲದ ನಮ್ಮಂಥವರು ಸ್ವಲ್ಪ ಹೊತ್ತು ಸುಸ್ತಾಗದೆ ಕೊಡಬಲ್ಲದ್ದು 100 ವ್ಯಾಟ್ ಆಸುಪಾಸು. ಅಂದರೆ ಆ ಏರಿನಲ್ಲಿ ವೇಗ ಗಂಟೆಗೆ 8 ಕಿ.ಮೀ.ಗೆ ಇಳಿಯುತ್ತೆ. ಹಾಗಾಗಿ ದಾರಿ ಎಷ್ಟು ಉದ್ದ ಅನ್ನೋದಕ್ಕಿಂತ ಅದರ ಇಳಿಜಾರು ಎಷ್ಟು ಅನ್ನೋದೇ ಇಲ್ಲಿ ಮುಖ್ಯ.

ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬಾತ್‌ಗೆ ಸುಮಾರು 21 ಕಿ.ಮೀ. ಉದ್ದದ ಒಂದು ಪ್ರಸಿದ್ಧ ಸೈಕಲ್ ಹಾದಿ ಇದೆ. ಅದು ಮುಚ್ಚಿಹೋದ ಹಳೇ ರೈಲುಮಾರ್ಗ. ಸ್ವಯಂಸೇವಕರು 1979ರಿಂದ 1986ರವರೆಗೆ ಅದನ್ನು ಹಂತಹಂತವಾಗಿ ಹಾದಿ ಮಾಡಿದರು. ರೈಲುಮಾರ್ಗವೇ ಯಾಕೆ? ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುತ್ತೆ, ಕಡಿದಾದ ಏರು ಅದಕ್ಕೆ ಆಗಿಬರಲ್ಲ. ಹಾಗಾಗಿ ಹಿಂದಿನ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿಸಿ ದಾರಿಯನ್ನು ಮೊದಲೇ ಹದ ಮಾಡಿಟ್ಟಿದ್ದರು.

ನಮ್ಮೂರಲ್ಲಿ ಹಾಗೆ ಬಿಟ್ಟುಬಿಟ್ಟ ರೈಲುಮಾರ್ಗ ಎಲ್ಲಿದೆ ಅಂತ ಕೇಳ್ತೀರಾ? ಇಲ್ಲಿ ಆ ಕೆಲಸವನ್ನು ಮಾಡಿಟ್ಟಿರೋದು ನೀರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿದುಹೋಗುತ್ತೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ, ವೃಷಭಾವತಿಯ ನೀರು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಈ ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ ಹಿರಿಯರು ಕೆರೆ ಮಾಡಿದರು. ಏರಿಯ ನೆತ್ತಿ ಸಮತಟ್ಟಾಗಿಯೇ ಇರಬೇಕು. ಒಂದು ಕಡೆ ತಗ್ಗಾದರೂ ತುಂಬಿದ ನೀರು ಅಲ್ಲೇ ಉಕ್ಕಿ ಏರಿಯನ್ನು ಕೊಚ್ಚಿಹಾಕುತ್ತೆ. (ಏರಿಯ ಮೇಲೆ ಏರಿಲ್ಲ ಅಂತ ನೆನಪಿಟ್ಟುಕೊಳ್ಳಿ!) ಹೆಚ್ಚಾದ ನೀರು ಕೋಡಿ ಬಿದ್ದು, ಕಾಲುವೆ ಹಿಡಿದು, ನಿಧಾನದ ಇಳಿಜಾರಿನಲ್ಲಿ ಮುಂದಿನ ಕೆರೆಗೆ ಹೋಗುತ್ತೆ. ಅಂದರೆ ಕೆರೆ, ಕಾಲುವೆ, ಮತ್ತೆ ಕೆರೆ ಅನ್ನೋ ಈ ಸರಪಳಿಯೇ ನಡಿಗೆಗೂ ಸೈಕಲ್ಲಿಗೂ ಹೇಳಿ ಮಾಡಿಸಿದ ಹಸಿರು ಹಾದಿ.

ಆದರೆ ಈ ಸರಪಳಿ ಎಷ್ಟೋ ಕಡೆ ತುಂಡಾಗಿದೆ. ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆ. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರದ ಮೇಲೆ ಬೆಳ್ಳಂದೂರು ಕೆರೆಯತ್ತ ಹೋಗುವ ರಾಜಕಾಲುವೆಗೆ ಕಡತದಲ್ಲಿ ಕೆ-100 ಅಂತ ಹೆಸರು. ಅದಕ್ಕೆ ಸೇರುತ್ತಿದ್ದ ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸಿ, ಪಕ್ಕದಲ್ಲಿ ನಡಿಗೆ ದಾರಿ ಮಾಡುವ ಕೆಲಸ ಕೆಲವು ವರ್ಷಗಳ ಹಿಂದೆ ಶುರುವಾಯಿತು. ನಮಗೆ ಅದರಲ್ಲಿ ಇಷ್ಟವಾದದ್ದು ಕೆಲಸದ ಕ್ರಮ. ಮೊದಲು ಕೊಳಚೆ ತಿರುಗಬೇಕು, ಆಮೇಲೆ ದಾರಿ. ಮೂಗು ಮುಚ್ಚಿಕೊಂಡು ಯಾರು ವಾಕಿಂಗ್ ಹೋಗ್ತಾರೆ?

ಕಾನೂನಿನ ಕಡೆಯಿಂದಲೂ ಒಂದು ಮಾತು. ಬೆಂಗಳೂರಿನ 2015ರ ಮಾಸ್ಟರ್ ಪ್ಲ್ಯಾನ್ ರಾಜಕಾಲುವೆಗಳ ಎರಡೂ ಬದಿ ಕಟ್ಟಡ ಕಟ್ಟಬಾರದ ಪಟ್ಟಿಯನ್ನು ಬಿಟ್ಟಿತ್ತು. ಕಾಲುವೆಯ ಮಧ್ಯದಿಂದ ಅಳೆದರೆ ಅದರ ದರ್ಜೆಯ ಮೇಲೆ 50, 25 ಅಥವಾ 15 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು ಹೆಚ್ಚಿಸಿತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಹೆಚ್ಚಳವನ್ನು ತಳ್ಳಿಹಾಕಿತು. 15 ಮೀಟರ್ ಅಂದರೂ ಕಡಿಮೆ ಏನಲ್ಲ. ಅದರಲ್ಲಿ 3 ಮೀಟರ್ ದಾರಿ ಮಾಡಿ, ಸಾಲುಮರ ನೆಟ್ಟರೂ ಜಾಗ ಉಳಿಯುತ್ತೆ. ಆ ಪಟ್ಟಿಯ ಮೇಲೆ ಮನೆ ಎದ್ದ ಕಡೆ ಹಾದಿಯೂ ನಿಲ್ಲುತ್ತೆ, ಜೋರು ಮಳೆ ಬಂದ ರಾತ್ರಿ ನೀರು ಆ ಮನೆಗಳಿಗೇ ನುಗ್ಗುತ್ತೆ.

ಸರಿ, ನಿಮ್ಮ ಏರಿಯಾದ ಹಾದಿ ಹುಡುಕೋದು ಹೇಗೆ? ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗ ಯಾವ ಗ್ರಾಮ, ಯಾವ ಸರ್ವೆ ನಂಬರ್ ಅಂತ ತೋರಿಸುತ್ತೆ. ಆ ಗ್ರಾಮದ ನಕ್ಷೆಯನ್ನು ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಇಳಿಸಿಕೊಳ್ಳಬಹುದು. ಅದರಲ್ಲಿ ಒಂಟಿ ಚುಕ್ಕಿಗೆರೆ ಕಂಡರೆ ಕಾಲುದಾರಿ, ಜೋಡಿ ಚುಕ್ಕಿಗೆರೆಯಾದರೆ ಬಂಡಿದಾರಿ. ಹಳ್ಳಿಗಳಲ್ಲಿ "ನಕಾಶೆ ಕಂಡ ದಾರಿ" ಅಂತ ಜನ ಜಗಳ ಆಡೋದು ಇದನ್ನೇ ಹಿಡಿದು. ಆ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿ, ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಹೋಗಿ ಮಾಯವಾದ ಗೆರೆಗಳು ಒಂದೆರಡಾದರೂ ಸಿಗ್ತವೆ. ಸಿವಿಲ್ ಗೆಳೆಯರಿಗೆ ಮಿನಿ ಪ್ರಾಜೆಕ್ಟ್ ಬೇಕಿದ್ದರೆ ಇದಕ್ಕಿಂತ ಒಳ್ಳೇದು ನಮಗಂತೂ ತೋಚಲ್ಲ.

ಸರಪಳಿ ಹೇಗೆ ಕೆಲಸ ಮಾಡುತ್ತೆ ಅಂತ ಕಣ್ಣಾರೆ ನೋಡಬೇಕಾದರೆ ಜಕ್ಕೂರು ಕೆರೆಗೆ ಹೋಗಿ. ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡು ಬೆಳೆದ ತೇವಭೂಮಿಯಲ್ಲಿ ಇನ್ನೊಮ್ಮೆ ಸೋಸಿಕೊಂಡು ಕೆರೆಗೆ ಇಳಿಯುತ್ತೆ. ಅಲ್ಲಿ ಹೆಚ್ಚಾದದ್ದು ಮುಂದೆ ರಾಚೇನಹಳ್ಳಿ ಕೆರೆಗೆ. ಒಂದು ಎಚ್ಚರಿಕೆ: ಎಷ್ಟೋ ಕೆರೆಗಳ ಒಳದಾರಿಯಲ್ಲಿ ಸೈಕಲ್‌ಗೆ ಅವಕಾಶ ಇಲ್ಲ, ಗೇಟು ತೆಗೆಯೋದೂ ಬೆಳಗ್ಗೆ, ಸಂಜೆ ಮಾತ್ರ. ಸೈಕಲ್ ಹೊರಗೆ ನಿಲ್ಲಿಸಿ ನಡೆಯೋಕೆ ಸಿದ್ಧರಾಗಿ ಹೋಗಿ.

ಇಳಿಜಾರು ಅಳೆಯೋಕೆ ಮೊಬೈಲಿನ ಜಿಪಿಎಸ್ ನಂಬಬೇಡಿ. ಎತ್ತರದಲ್ಲಿ ಅದು ಹತ್ತು ಮೀಟರ್ ಆಚೀಚೆ ಹೇಳೋದು ಮಾಮೂಲು. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಇದಕ್ಕೆ ಸಾಕು: ಗುಳ್ಳೆ ಇಲ್ಲದಂತೆ ನೀರು ತುಂಬಿದ ಪಾರದರ್ಶಕ ಪೈಪು, ಎರಡು ಸ್ಕೇಲು, ಇಬ್ಬರು ಜನ. 10 ಮೀಟರ್ ದೂರದಲ್ಲಿ ನಿಂತು, ನೆಲದಿಂದ ನೀರಿನ ಮಟ್ಟ ಎಷ್ಟು ಅಂತ ಇಬ್ಬರೂ ಓದಿ. ವ್ಯತ್ಯಾಸ 10 ಸೆಂ.ಮೀ. ಬಂದರೆ ಅದೇ 100ಕ್ಕೆ 1.