ಹಿತ್ತಿಲ ಗೂಡಿಗೆ ಬಂದ ಮಡಿವಾಳ ಹಕ್ಕಿ



ನಮ್ಮ ಸೀಮೆಯಲ್ಲಿ ಗೂಡು ಎಂಬ ಮಾತಿಗೆ ಅನೇಕ ಅರ್ಥಗಳುಂಟು. ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡು ಒಂದು. ಹಳೆಯ ಮಣ್ಣುಗೋಡೆಯಲ್ಲಿ ದೀಪವಿಡುವುದಕ್ಕೆ ಬಿಟ್ಟ ಗೂಡು ಇನ್ನೊಂದು. ಹಕ್ಕಿಯು ಮೊಟ್ಟೆಯಿಡುವ ಗೂಡು ಮತ್ತೊಂದು. ಮೊದಲನೆಯದನ್ನು ಹುಳುವು ಕಟ್ಟುತ್ತದೆ, ಮನುಷ್ಯನು ತೆಗೆದುಕೊಳ್ಳುತ್ತಾನೆ. ಎರಡನೆಯದನ್ನು ಮನುಷ್ಯನು ತನಗೋಸ್ಕರ ಮಾಡಿಕೊಳ್ಳುತ್ತಾನೆ. ಮನುಷ್ಯನು ಮಾಡಿ ಹಕ್ಕಿಗೆ ಬಿಟ್ಟುಕೊಡುವ ಗೂಡೂ ಉಂಟು. ಅಂಥ ಒಂದು ಗೂಡನ್ನು ಬೈರಾಪಟ್ಟಣದ ಹಿತ್ತಿಲಲ್ಲಿಟ್ಟು ನಾನು ಕಲಿತದ್ದನ್ನು ಈ ಪಾಠದಲ್ಲಿ ತಿಳಿಸುವೆನು.

1. ಈ ಹಕ್ಕಿ ಯಾವುದು?

ಮಡಿವಾಳ ಹಕ್ಕಿಯನ್ನು ನೋಡದವರು ನಮ್ಮಲ್ಲಿ ವಿರಳ. ಅದರ ಉದ್ದವು ಸುಮಾರು 19 ಸೆಂಟಿಮೀಟರು. ಗಂಡಿನ ತಲೆ, ಬೆನ್ನು, ಎದೆಗಳು ಹೊಳೆಯುವ ಕಪ್ಪು. ಹೊಟ್ಟೆಯೂ ರೆಕ್ಕೆಯ ಪಟ್ಟೆಯೂ ಬಿಳುಪು. ಹೆಣ್ಣಿನಲ್ಲಿ ಕಪ್ಪಿನ ಸ್ಥಳದಲ್ಲಿ ಬೂದುಬಣ್ಣವಿರುತ್ತದೆ. ಬಾಲವನ್ನು ನೆಟ್ಟಗೆ ನಿಲ್ಲಿಸಿ, ಉದುರಿದ ಎಲೆಗಳ ನಡುವೆ ಕುಪ್ಪಳಿಸಿ ಹುಳುಗಳನ್ನು ಹೆಕ್ಕುವುದು ಅದರ ಪದ್ಧತಿ. ಬೆಳಗಾಗುವ ಮೊದಲೇ ಎತ್ತರದ ಕೊಂಬೆಯ ಮೇಲೆ ಕೂತು ಗಂಡು ಹಾಡುವದು. ನೆರೆಯ ಬಾಂಗ್ಲಾದೇಶವು ಇದನ್ನೇ ತನ್ನ ರಾಷ್ಟ್ರಪಕ್ಷಿಯಾಗಿ ಇಟ್ಟುಕೊಂಡಿದೆ. ಅಲ್ಲಿ ಇದರ ಹೆಸರು ದೊಯೆಲ್.

ಈ ಹಕ್ಕಿಯು ನೇಯ್ಗೆಯ ಹಕ್ಕಿಯಲ್ಲ. ಗೀಜಗನ ಹಾಗೆ ತೂಗುಗೂಡನ್ನು ನೇಯಲು ಇದಕ್ಕೆ ಬಾರದು. ಮರದ ಪೊಟರೆ, ಗೋಡೆಯ ಬಿರುಕು ಮುಂತಾದ ಸಿದ್ಧವಾದ ತೂತು ಇದಕ್ಕೆ ಬೇಕು. ಹಳೆಯ ಹೆಂಚಿನ ಮನೆಗಳಲ್ಲಿಯೂ ಮುದಿಮರಗಳಲ್ಲಿಯೂ ಅಂಥ ಸ್ಥಳಗಳು ಧಾರಾಳವಾಗಿದ್ದವು. ಈಗ ಮಣ್ಣುಗೋಡೆ ಬಿದ್ದು ಸಿಮೆಂಟಿನ ಗೋಡೆ ಎದ್ದಿದೆ; ಒಣಗಿದ ಮರವು ನಿಲ್ಲುವ ಮೊದಲೇ ಸೌದೆಯಾಗುತ್ತದೆ. ಗಟ್ಟಿ ಮನೆಯನ್ನು ಕಟ್ಟಿಕೊಂಡದ್ದು ನಮ್ಮ ತಪ್ಪೆಂದು ನಾನು ಹೇಳುವದಿಲ್ಲ. ಆದರೆ ನಮ್ಮ ಮನೆ ಗಟ್ಟಿಯಾದಾಗ ಇನ್ನೊಬ್ಬರ ಮನೆ ಹೋಯಿತೆಂಬದನ್ನು ಅರಿತುಕೊಳ್ಳುವದು ಯೋಗ್ಯವಾದದ್ದು.

2. ಪೆಟ್ಟಿಗೆಯನ್ನು ಮಾಡುವ ವಿಧ

ಹಳೆಯ ಹಲಗೆಗಳು ಸಾಕು. ಒಳಗಡೆ ತಳವು ಆರು ಅಂಗುಲ ಚದರ, ಎತ್ತರವು ಹನ್ನೆರಡು ಅಂಗುಲ ಇರಲಿ. ಮುಂದಿನ ಹಲಗೆಯ ಮೇಲ್ಭಾಗದಲ್ಲಿ ಎರಡು ಅಂಗುಲ ಅಗಲದ ದುಂಡು ತೂತನ್ನು ಕೊರೆಯಬೇಕು. ಅದಕ್ಕಿಂತ ಹೆಚ್ಚು ಅಗಲವಾದರೆ ಕಾಗೆಯ ಕೊಕ್ಕೂ ಬೆಕ್ಕಿನ ಪಂಜವೂ ಸುಲಭವಾಗಿ ಒಳಗೆ ಹೋಗುವವು. ಗುಬ್ಬಚ್ಚಿಗಾದರೆ ಒಂದೂಕಾಲು ಅಂಗುಲದ ತೂತು ಸಾಕು. ತೂತಿನ ಮುಂದೆ ಕೂರುವ ಕಡ್ಡಿಯನ್ನು ಹೊಡೆಯಬಾರದು. ಅದು ಮನೆಯವರಿಗಿಂತ ಕಳ್ಳರಿಗೇ ಉಪಯೋಗ. ತಳದಲ್ಲಿ ನೀರು ಇಳಿಯಲು ಸಣ್ಣ ರಂಧ್ರಗಳಿರಲಿ. ತಗಡಿನ ಪೆಟ್ಟಿಗೆ ಬೇಡ, ಯಾಕಂದರೆ ಎಪ್ರಿಲ್ ಬಿಸಿಲಿಗೆ ಅದು ಒಲೆಯಾಗುವದು.

ಚನ್ನಪಟ್ಟಣದ ಬೊಂಬೆಗಳನ್ನು ನೋಡಿ ಬೆಳೆದ ನಮ್ಮ ಮನೆಯ ಮಕ್ಕಳು ಪೆಟ್ಟಿಗೆಗೂ ಕೆಂಪು, ಹಳದಿ ಬಣ್ಣ ಬೇಕೆಂದು ಹಟ ಹಿಡಿದರು. ಮರೆಯಲ್ಲಿರಬೇಕಾದ ಮನೆಯು ಎದ್ದು ಕಾಣಬಾರದೆಂದು ಅವರಿಗೆ ಬುದ್ಧಿ ಹೇಳಿ, ಹಲಗೆಯನ್ನು ಹಾಗೆಯೇ ಬಿಟ್ಟೆವು. ಹಲಸಿನ ಮರದ ಬೊಡ್ಡೆಗೆ, ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿ, ಮಳೆಗಾಳಿಗೆ ಬೆನ್ನು ಮಾಡಿ ಅದನ್ನು ಕಟ್ಟಿದೆವು.

3. ಮೊದಲನೆಯ ವರುಷದ ತಪ್ಪು

ಮಡಿವಾಳ ಹಕ್ಕಿಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ಮಾರ್ಚಿಯಿಂದ ಜುಲೈವರೆಗೆ ಮರಿಮಾಡುತ್ತವೆ. ಮೊದಲನೆಯ ವರುಷ ಯುಗಾದಿಯ ಸಮಯಕ್ಕೆ ಒಂದು ಜೋಡಿಯು ಬಂದು, ತೂತಿನಲ್ಲಿ ತಲೆಯಿಟ್ಟು ನೋಡಿ, ಒಣಬೇರುಗಳನ್ನು ತರಲಾರಂಭಿಸಿತು. ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಆದರೆ ನಾಲ್ಕನೆಯ ದಿನ ಏಣಿಯನ್ನಿಟ್ಟು, ಮುಚ್ಚಳವನ್ನೆತ್ತಿ, ಒಳಗೆ ಎಷ್ಟು ಕೆಲಸವಾಗಿದೆಯೆಂದು ನೋಡಿದೆನು. ಸಾಯಂಕಾಲ ನೆರೆಮನೆಯ ಮಕ್ಕಳನ್ನೂ ಕರೆದು ತೋರಿಸಿದೆನು. ಮರುದಿನ ಹಕ್ಕಿಗಳು ಬರಲಿಲ್ಲ. ಆ ವರುಷ ತಿರುಗಿ ಬರಲೇ ಇಲ್ಲ. ಬಾಯಿಂದ ಕೊಟ್ಟೆನೆಂದು ಹೇಳಿ ಕೈಯಿಂದ ಹಿಡಿದುಕೊಂಡವನ ಹಾಗಾಯಿತು ನನ್ನ ಸ್ಥಿತಿ.

4. ಎರಡನೆಯ ವರುಷ ಕಂಡದ್ದು

ಮುಂದಿನ ವರುಷ ನಾವು ಅಡಿಗೆಮನೆಯ ಕಿಟಕಿಯಿಂದ ಮಾತ್ರ ನೋಡುವದಾಗಿ ಮನೆಯಲ್ಲಿ ನೇಮಮಾಡಿಕೊಂಡೆವು. ಬೆಕ್ಕು ಹತ್ತದಂತೆ ಬೊಡ್ಡೆಗೆ ತಗಡನ್ನು ಸುತ್ತಿದೆವು. ಮಾರ್ಚಿಯ ಕಡೆಯಲ್ಲಿ ಗಂಡು ತೆಂಗಿನ ಗರಿಯ ಮೇಲೆ ಕೂತು ಹಾಡಿತು. ಹೆಣ್ಣು ಮೂರು ದಿನ ಬಂದು ನೋಡಿ ಹೋಯಿತು. ನಾಲ್ಕನೆಯ ದಿನ ತೆಂಗಿನ ನಾರಿನ ಎಳೆಯನ್ನು ಕೊಕ್ಕಿನಲ್ಲಿ ಕಚ್ಚಿ ಒಳಗೆ ಹೋಯಿತು. ಕಟ್ಟುವ ಕೆಲಸದಲ್ಲಿ ಹೆಚ್ಚಿನ ಪಾಲು ಹೆಣ್ಣಿನದೇ. ಕಾಯುವ ಕೆಲಸದಲ್ಲಿ ಹೆಚ್ಚಿನ ಪಾಲು ಗಂಡಿನದು. ಆ ದಿನಗಳಲ್ಲಿ ಗಂಡಿನ ರೋಷವು ಎಷ್ಟೆಂದರೆ, ಅಂಗಳದಲ್ಲಿ ನಿಂತ ಬೈಕಿನ ಕನ್ನಡಿಯಲ್ಲಿ ತನ್ನ ಪ್ರತಿಬಿಂಬವನ್ನೇ ವೈರಿಯೆಂದು ತಿಳಿದು ಕುಕ್ಕುತ್ತಿತ್ತು. ನಾವು ಕನ್ನಡಿಗೆ ಬಟ್ಟೆಯನ್ನು ಕಟ್ಟಬೇಕಾಯಿತು.

ಈ ಹಕ್ಕಿಯು ಸಾಧಾರಣವಾಗಿ ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆಗಳನ್ನಿಡುತ್ತದೆ. ನಸುನೀಲಿ ಹಸುರಿನ ಮೇಲೆ ಕಂದು ಚುಕ್ಕೆ ಅವುಗಳ ಬಣ್ಣ. ಹೆಣ್ಣೊಂದೇ 8ರಿಂದ 14 ದಿವಸ ಕಾವು ಕೂಡುವದು. ನಾವು ಮೊಟ್ಟೆಯನ್ನು ನೋಡಲಿಲ್ಲ. ಒಂದು ಬೆಳಿಗ್ಗೆ ಎರಡೂ ಹಕ್ಕಿಗಳು ಕೊಕ್ಕಿನ ತುಂಬ ಹುಳುಗಳನ್ನು ಹಿಡಿದು ಬಂದದ್ದರಿಂದಲೇ ಮರಿಗಳಾದವೆಂದು ತಿಳಿದೆವು.

5. ಎರಡು ಆಕ್ಷೇಪಣೆಗಳು

ನೆರೆಮನೆಯ ಅಜ್ಜಿಯು, “ಏನಪ್ಪಾ, ರೇಷ್ಮೆ ಸಾಕೋ ಊರಲ್ಲಿ ಹುಳ ತಿನ್ನೋ ಹಕ್ಕಿಗೆ ಮನೆ ಕಟ್ಟಿಕೊಟ್ಟಿದ್ದೀಯಲ್ಲಾ?” ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಹಣ್ಣಾದ ಹುಳುಗಳನ್ನು ಬಿಟ್ಟ ಚಂದ್ರಿಕೆಯನ್ನು ಬಯಲಿನಲ್ಲಿಟ್ಟರೆ ಯಾವ ಹಕ್ಕಿಯಾದರೂ ಕುಕ್ಕುವದು. ಆದರೆ ಊಜಿ ನೊಣವು ಬಾರದ ಹಾಗೆ ಹುಳುಮನೆಗೆ ನಾವು ಬಲೆಯನ್ನು ಕಟ್ಟುತ್ತೇವಷ್ಟೆ. ನೊಣವು ತೂರಲಾರದ ಬಲೆಯಲ್ಲಿ ಹಕ್ಕಿಯು ತೂರಲಾರದು.

ಎರಡನೆಯ ಆಕ್ಷೇಪಣೆಯು ನನ್ನೊಳಗೇ ಹುಟ್ಟಿತು. ಬದನೆಯ ಪಾತಿಗೆ ಹುಳು ಬಿದ್ದಿತ್ತು. ಔಷಧಿಯ ಸೀಸೆಯನ್ನು ತಂದಿಟ್ಟಿದ್ದೆನು. ಹಕ್ಕಿಗಳು ಅದೇ ಪಾತಿಯಲ್ಲಿ ಹೆಕ್ಕಿ ಮರಿಗಳಿಗೆ ಒಯ್ಯುತ್ತಿದ್ದವು. ವಿಷ ಬಿದ್ದ ಸೊಪ್ಪನ್ನು ತಿಂದರೆ ರೇಷ್ಮೆಹುಳು ಸಾಯುವದೆಂದು ನಮ್ಮ ಸೀಮೆಯ ಮಗುವಿಗೂ ಗೊತ್ತು. ಅದಕ್ಕಾಗಿಯೇ ಹಿಪ್ಪುನೇರಳೆಯ ತೋಟಕ್ಕೆ ನಾವು ಅಷ್ಟು ಜಾಗ್ರತೆ ತೆಗೆದುಕೊಳ್ಳುತ್ತೇವೆ. ಲಾಭ ಕೊಡುವ ಹುಳುವಿಗೆ ತೋರಿಸುವ ಜಾಗ್ರತೆಯನ್ನು ಲಾಭ ಕೊಡದ ಮರಿಗೆ ತೋರಿಸಬಾರದೇ ಎಂದು ಯೋಚಿಸಿ, ಸೀಸೆಯನ್ನು ತೆರೆಯಲಿಲ್ಲ. ಎಲೆಯ ಮೇಲಿನ ಹುಳುಗಳನ್ನು ಹಕ್ಕಿಗಳು ತಿಂದವು. ಕಾಯಿಯೊಳಗೆ ಕೊರೆದು ಹೋದವುಗಳನ್ನು ಅವು ತೆಗೆಯಲಾರವು. ಆದ್ದರಿಂದ ಒಂದೆರಡು ಬುಟ್ಟಿ ಬದನೆಕಾಯಿ ಹಾಳಾಯಿತು. ಇದನ್ನು ಮರೆಮಾಡುವದು ಸರಿಯಲ್ಲ. ಆತಿಥ್ಯಕ್ಕೆ ಬೆಲೆಯುಂಟು.

6. ಪಂಜರವೂ ಮನೆಯೂ

ಹಾಡಿನ ಆಶೆಯಿಂದ ಮಡಿವಾಳ ಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುವ ವಾಡಿಕೆಯು ಹಿಂದೆ ನಮ್ಮ ದೇಶದಲ್ಲಿ ಇತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂಥ ಕಾಡುಹಕ್ಕಿಗಳನ್ನು ಹಿಡಿಯುವದನ್ನು ನಿಷೇಧಿಸಿದೆ. ಪಂಜರಕ್ಕೂ ನಮ್ಮ ಪೆಟ್ಟಿಗೆಗೂ ಇರುವ ಭೇದವೇನು? ಎರಡನ್ನೂ ಮನುಷ್ಯನೇ ಮಾಡಿದನು. ಪಂಜರದ ಬಾಗಿಲು ಮಾಡಿದವನ ಕೈಯಲ್ಲಿರುತ್ತದೆ. ಮನೆಯ ಬಾಗಿಲು ಒಳಗಿರುವವರ ವಶದಲ್ಲಿರುತ್ತದೆ. ಮೊದಲನೆಯ ವರುಷ ಮುಚ್ಚಳವನ್ನೆತ್ತಿದಾಗ ನಾನು ಮನೆಯನ್ನು ಪಂಜರವನ್ನಾಗಿ ಮಾಡಿದೆನು.

ಸುಮಾರು ಎರಡು ವಾರದ ಮೇಲೆ ಮರಿಗಳು ಹೊರಬಿದ್ದವು. ಆ ಹೊತ್ತಿನಲ್ಲಿ ನಾವು ತೋಟದ ಕೆಲಸದಲ್ಲಿದ್ದೆವು, ಯಾರೂ ನೋಡಲಿಲ್ಲ. ಸಂಜೆಗೆ ನಿಂಬೆಗಿಡದ ಬುಡದಲ್ಲಿ ಚುಕ್ಕೆಯೆದೆಯ ಮೂರು ಮರಿಗಳು ಬಾಯ್ದೆರೆದು ಕೂತದ್ದನ್ನು ಕಿರಿಯ ಮಗಳು ಕಂಡುಹಿಡಿದಳು. ಜುಲೈ ಕಳೆದ ಮೇಲೆ ಪೆಟ್ಟಿಗೆಯನ್ನು ಇಳಿಸಿ, ಹಳೆಯ ನಾರನ್ನು ತೆಗೆದು, ಬಿಸಿಲಿಗಿಟ್ಟು ತಿರುಗಿ ಕಟ್ಟಿದೆವು.

ಮನೆಯವರು ಕೂಡಿ ಯೋಚಿಸತಕ್ಕ ಪ್ರಶ್ನೆಗಳು

1. ನಿಮ್ಮ ಹಿತ್ತಿಲಲ್ಲಿ ಹಕ್ಕಿಗೆ ತಕ್ಕ ತೂತುಗಳು ಮೊದಲು ಎಲ್ಲಿದ್ದವು? ಈಗ ಎಷ್ಟು ಉಳಿದಿವೆ?
2. ಮರಿಗಳಿರುವ ವಾರಗಳಲ್ಲಿ ಯಾವ ಪಾತಿಗೆ ಔಷಧಿ ಹೊಡೆಯದೆ ಇರಬಲ್ಲಿರಿ? ಅದರಿಂದಾಗುವ ನಷ್ಟವೆಷ್ಟು?
3. ನಾವು ಕೊಟ್ಟೆವೆಂದು ಹೇಳಿ ಆಗಾಗ್ಗೆ ಮುಚ್ಚಳವನ್ನೆತ್ತಿ ನೋಡುವ ಬೇರೆ ಸಂಗತಿಗಳು ನಮ್ಮ ಮನೆಗಳಲ್ಲಿ ಯಾವುವು?